ಹನ್ನೊಂದಕ್ಕೆ ಬಿಸಿಯಾಗುವ ಕಂಪ್ಯೂಟರ್

ಫೆಬ್ರುವರಿ 3, ಮಂಗಳವಾರ. ನಾಶಿಕ್

ಇವತ್ತಿನ ಪಾಠ ಕೆಟ್ಟಿತು. ಕೆಡಿಸಿದ್ದು ಮಾವನವರೂ ಅಲ್ಲ, ನಾನೂ ಅಲ್ಲ. ಕಂಪ್ಯೂಟರ್.

ಡಿಸೆಂಬರಿನಲ್ಲಿ ಲಕ್ವಾ ಹೊಡೆದಾಗ ಮಾವನವರ ಬಲಗೈ ಹೋಯಿತು, ಜೊತೆಗೆ ಮಾತೂ ಹೋಯಿತು. ಕೈ ನಿಧಾನವಾಗಿ ಮರಳುತ್ತಿದೆ. ಮಾತು ಇನ್ನೂ ಬರಬೇಕು. ಭಾಲ್ಕಿಯಲ್ಲಿ ಅರ್ಧ ಆಯುಷ್ಯ ಬಟ್ಟೆ ಅಂಗಡಿ ನಡೆಸಿದ ಗುರುಲಿಂಗಪ್ಪನವರು, ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಮಾತಿಗೆ ಎಳೆಯುತ್ತಿದ್ದವರು, ಈಗ ಸಂಭಾಜಿನಗರದ ಚಿಕಲಠಾಣಾದಲ್ಲಿ ದೊಡ್ಡ ಮಗನ ಮನೆಯಲ್ಲಿ ಕೂತು ನೀರು ಬೇಕಾದರೆ ಬೆರಳು ತೋರಿಸುತ್ತಾರೆ. ಅಲ್ಲಿನ ಥೆರಪಿಸ್ಟ್ ಹುಡುಗಿ ಒಳ್ಳೆಯವಳು. ಆಕೆಯೇ ಹೇಳಿದಳಂತೆ: ಅಜ್ಜನಿಗೆ ಮರಾಠಿ, ಹಿಂದಿ ಎರಡೂ ಅರ್ಥವಾಗುತ್ತವೆ, ಆದರೆ ಬಾಯಿಗೆ ಬರುವ ಚೂರುಪಾರೆಲ್ಲ ಕನ್ನಡದ್ದು, ಕನ್ನಡದಲ್ಲಿ ಕಲಿಸುವವರು ಯಾರಾದರೂ ಸಿಕ್ಕರೆ ನೋಡಿ. ಆಗ ಇಡೀ ಮನೆಗೆ ನನ್ನ ನೆನಪಾಯಿತು.

ನಾನು ಮೈಸೂರಿನಲ್ಲಿ ಇದನ್ನೇ ಓದಿದವಳು. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ, ಮಾತು ಹೋದವರಿಗೆ ಮಾತು ಮರಳಿಸುವ ವಿಭಾಗದಲ್ಲಿ ಕೆಲಸವನ್ನೂ ಮಾಡಿದ್ದೆ. ಮಗಳು ರುಚಿತಾ ಹೊಟ್ಟೆಯಲ್ಲಿದ್ದಾಗ ಇವರಿಗೆ ಇಲ್ಲಿನ ಸಾತಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು, ಇಲ್ಲಿಗೆ ಬಂದೆವು, ಬಿಟ್ಟೆ. ಮರಾಠಿ ಊರಿನಲ್ಲಿ ಕನ್ನಡ ಮಾತು ಕಲಿಸುವವಳಿಗೆ ಎಲ್ಲಿಯ ಕೆಲಸ? ಯಾರೂ ಬಿಡು ಎನ್ನಲಿಲ್ಲ. ನಾನೇ ಬಿಟ್ಟದ್ದು, ಅದರ ಬಗ್ಗೆ ಬೇಸರವಿಲ್ಲ. ಈಗಿನದೂ ಮನೆಯ ಕೆಲಸವೇ, ಮಾವನವರು ನಾಲ್ಕು ಮಾತಾಡುವ ತನಕ.

ರುಚಿತಾಳ ಹತ್ತನೆಯ ತರಗತಿ ಪರೀಕ್ಷೆ ಹತ್ತಿರ ಬಂದಿದೆ, ಅವಳನ್ನು ಬಿಟ್ಟು ಅಲ್ಲಿಗೆ ಹೋಗಿ ಕೂರುವಂತಿಲ್ಲ. ಆದ್ದರಿಂದ ದಿನಾ ಹನ್ನೊಂದಕ್ಕೆ ವೀಡಿಯೊ ಕರೆ. ಅಲ್ಲಿ ಅತ್ತೆ ಮಾವನವರ ಮುಂದೆ ಟ್ಯಾಬ್ ನಿಲ್ಲಿಸುತ್ತಾರೆ. ಇಲ್ಲಿ ನಾನು ಹಾಲಿನ ಕಂಪ್ಯೂಟರಿನ ಮುಂದೆ ಕೂರುತ್ತೇನೆ.

ಇವತ್ತು ನೀರಿನ ಲೋಟದ ಚಿತ್ರ ಹಾಕಿ, “ಇದರಾಗ ಏನದರಿ ಮಾವಾರ?” ಎಂದು ಕೇಳಿದೆ. ಈ ಕೆಲಸದಲ್ಲಿ ಅರ್ಧ ಪಾಲು ಸುಮ್ಮನೆ ಕಾಯುವುದು. ಕಾದೆ. ಅವರ ತುಟಿ ಅಲುಗಿತು. “ನೀ...” ಎಂದರು. ಅಲ್ಲಿಗೆ ತೆರೆ ನಿಂತುಹೋಯಿತು. ಎಷ್ಟೋ ಹೊತ್ತಿನ ಹಿಂದೆ ನಾನು ಹೇಳಿದ್ದ “ನಿಧಾನ್ರಿ” ಅವರು ಬಾಯಿ ತೆರೆದಾಗ ಅಲ್ಲಿ ಹೋಗಿ ಮುಟ್ಟಿತಂತೆ. ನಾನೇ ತಡೆದೆ ಎಂದುಕೊಂಡು ಅವರು ಬಾಯಿ ಮುಚ್ಚಿದರು. ಮತ್ತೆ ತೆರೆಯಲಿಲ್ಲ.

ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಸಂಜೆ ಇವರು ನೋಡುತ್ತಾರೆ. ಅದು ಇವರ ಇಲಾಖೆ. ನನ್ನ ಇಲಾಖೆಯಲ್ಲಿ ಏನೂ ಕೆಟ್ಟಿಲ್ಲ.

ಫೆಬ್ರುವರಿ 4, ಬುಧವಾರ

ಇವರು ನೋಡಿದರು. ಅಂದರೆ, ಬೂಟು ಹಾಕಿಕೊಳ್ಳುತ್ತ ಬಾಗಿಲಿನಿಂದಲೇ “ರಿಸ್ಟಾರ್ಟ್ ಮಾಡ, ಆಗ್ತದ” ಎಂದು ಹೇಳಿ ಶಿಫ್ಟಿಗೆ ಹೋದರು.

ಮಾಡಿದೆ. ಅರ್ಧ ಪಾಠದ ತನಕ ಬೆಣ್ಣೆಯ ಹಾಗೆ ನಡೆಯಿತು. ಮಾವನವರು ಒಂದರಿಂದ ಹತ್ತು ಎಣಿಸಿದರು, ವಾರಗಳ ಹೆಸರು ಹೇಳಿದರು. ರೂಢಿಯಾದ ಸಾಲುಗಳು ಹಾಗೆಯೇ, ನೂಕಿದರೆ ಉರುಳುತ್ತವೆ. ಬೇಕೆಂದಾಗ ಒಂದೇ ಒಂದು ಪದವನ್ನು ಹೆಕ್ಕಿ ತೆಗೆಯುವುದು ಕಷ್ಟ. ಅದಕ್ಕೆ ಬರುವಷ್ಟರಲ್ಲಿ ಗಿರಣಿ ಮತ್ತೆ ಶುರುವಾಯಿತು, ತೆರೆ ತುಂಡು ತುಂಡಾಯಿತು.

ಸಂಜೆ ಹೇಳಿದರೆ, “ಆರು ವರ್ಷದ ಡಬ್ಬಿ ಅದ ರೂಪಾ. ದೀಪಾವಳಿಗಿ ಹೊಸಾದು ನೋಡಮು” ಎಂದರು.

ದೀಪಾವಳಿ! ಮಾತು ಮರಳುವುದಿದ್ದರೆ ಹೆಚ್ಚಿನ ಪಾಲು ಮೊದಲ ಕೆಲವು ತಿಂಗಳಲ್ಲೇ ಮರಳುತ್ತದೆ. ಆಮೇಲೆ ಪ್ರತಿ ಪದಕ್ಕೂ ಗುದ್ದಾಡಬೇಕು. ಇವರಪ್ಪನ ಮಿದುಳು ದೀಪಾವಳಿಯ ಸೇಲಿಗೆ ಕಾಯುವುದಿಲ್ಲ ಎಂದು ಹೇಳಿದೆ. ಇವರು ಊಟ ಮುಗಿಸಿ ಎದ್ದರು. ಅಪ್ಪನ ವಿಷಯ ಬಂದರೆ ಇವರು ಹೀಗೆಯೇ ಏಳುತ್ತಾರೆ. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆಯೂ ಪಾಠದ ಹೊತ್ತಿಗೆ ಹತ್ತಿರ ಕೂತಿಲ್ಲ.

ಫೆಬ್ರುವರಿ 6, ಶುಕ್ರವಾರ

ಗೊತ್ತಾಯಿತು! ಇಷ್ಟು ಸುಲಭ ಎಂದು ಗೊತ್ತಿದ್ದರೆ ಮಂಗಳವಾರವೇ ಮಾಡುತ್ತಿದ್ದೆ.

ರುಚಿತಾ ಓದುವುದರಿಂದ ತಪ್ಪಿಸಿಕೊಳ್ಳಲು ನನ್ನ ಹಿಂದೆ ಬಂದು ನಿಂತಿದ್ದಳು. “ಅಗಂ ಮಮ್ಮಿ, ಟಾಸ್ಕ್ ಮ್ಯಾನೇಜರ್ ಬಘ್ ನಾ!” ಅದನ್ನು ತೆಗೆದು ನೋಡಬಾರದೇ ಎಂದು ಮೂರು ಕೀಲಿ ಒಟ್ಟಿಗೆ ಒತ್ತಿದಳು. ಒಂದು ಪಟ್ಟಿ ಬಂತು. ಕಂಪ್ಯೂಟರಿನೊಳಗೆ ಯಾರು ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಪ್ರೊಸೆಸರಿನ ಎಷ್ಟು ಪಾಲು ತಿನ್ನುತ್ತಿದ್ದಾರೆ ಎಲ್ಲ ಅದರಲ್ಲಿದೆ. ಮೇಲೆ ಕೆಂಪಗೆ ನೂರಕ್ಕೆ ನೂರು ಎಂದಿತ್ತು. ಇಷ್ಟು ವರ್ಷ ಈ ಪಟ್ಟಿ ನನ್ನ ಮನೆಯಲ್ಲೇ ಇತ್ತು, ಯಾರೂ ಹೇಳಲಿಲ್ಲ.

ಇವರು ಕ್ರಿಕೆಟ್ಟು, ಷೇರು, ಮಣ್ಣು ಮಸಿ ಎಂದು ತೆರೆದು ಮುಚ್ಚದೇ ಬಿಟ್ಟ ಪುಟಗಳು ಸಾಲುಗಟ್ಟಿ ನಿಂತಿದ್ದವು. ರುಚಿತಾಳ ಎರಡು ಆಟಗಳು ಕಂಪ್ಯೂಟರ್ ಎದ್ದ ಕೂಡಲೇ ತಾವೂ ಎದ್ದು ಒಳಗೆ ಕೂರುತ್ತಿದ್ದವು. “ಇವು ಯಾರವು?” ಎಂದರೆ ಅವಳು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಪುಟಗಳನ್ನು ಮುಚ್ಚಿದೆ. ಆಟಗಳು ತಾವಾಗಿ ಏಳದ ಹಾಗೆ ಮಾಡಿದೆ. ಫ್ಯಾನು ತಣ್ಣಗಾಯಿತು.

ಮಾವನವರಿಗೆ ಸಮಸ್ಯೆ ಬಗೆಹರಿಯಿತು ಎಂದು ಹೇಳಿದೆ. ತಲೆಯಾಡಿಸಿದರು.

ಫೆಬ್ರುವರಿ 9, ಸೋಮವಾರ

ಬಗೆಹರಿದಿಲ್ಲ, ಪಾಠದ ನಡುವೆ ಗಿರಣಿ ಮತ್ತೆ ಕೂಗಿತು. ಫೋನಿನಲ್ಲಿ ಪಾಠ ಮಾಡಿ ನೋಡಿದೆ. ಚಿತ್ರ ತೋರಿಸಿದರೆ ಅವರ ಮುಖ ಉಗುರಿನಷ್ಟಾಗುತ್ತದೆ, ತುಟಿ ಕಾಣುವುದಿಲ್ಲ. ಮುಖ ದೊಡ್ಡದು ಮಾಡಿದರೆ ಚಿತ್ರ ಹೋಗುತ್ತದೆ. ತುಟಿ ನೋಡದೆ ನಾನು ಏನು ಕಲಿಸಲಿ? ನನಗೆ ದೊಡ್ಡ ತೆರೆಯೇ ಬೇಕು.

ಫೆಬ್ರುವರಿ 10, ಮಂಗಳವಾರ

ಇವತ್ತು ಪಟ್ಟಿಯನ್ನು ಪಾಠದ ಮೊದಲು ನೋಡದೆ, ಪಾಠದ ನಡುವೆ ಕೆಟ್ಟ ಕ್ಷಣದಲ್ಲೇ ತೆಗೆದು ನೋಡಿದೆ. ರೋಗಿ ಎಡವಿದಾಗಲೇ ನೋಡಬೇಕು, ಎದ್ದು ನಿಂತ ಮೇಲೆ ನೋಡಿದರೆ ಏನು ಕಾಣುತ್ತದೆ?

ಕಂಡದ್ದು ಎರಡು ವೈರಸ್ ಕಾಯುವ ಸಾಫ್ಟ್‌ವೇರುಗಳು. ಒಂದು ಕಂಪ್ಯೂಟರಿನ ಜೊತೆಗೇ ಬಂದದ್ದು, ಇನ್ನೊಂದು ಇವರ ಗೆಳೆಯರು ಯಾವಾಗಲೋ ಹಾಕಿಕೊಟ್ಟದ್ದು. ಒಬ್ಬ ತೆರೆದ ಕಡತವನ್ನೆಲ್ಲ ಇನ್ನೊಬ್ಬ ತಪಾಸಣೆ ಮಾಡುತ್ತಾನೆ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು, ದಿನವಿಡೀ ಒಬ್ಬರ ಜೇಬು ಒಬ್ಬರು ತಡಕುವುದು. ಅದೂ ದೊಡ್ಡ ತಪಾಸಣೆಯ ಹೊತ್ತು ಹನ್ನೊಂದು ಗಂಟೆ!

ಗೆಳೆಯರದ್ದನ್ನು ತೆಗೆದುಹಾಕಿದೆ. ಉಳಿದದ್ದರ ತಪಾಸಣೆಯನ್ನು ಮಧ್ಯಾಹ್ನಕ್ಕೆ ದೂಡಿದೆ. ಇವರನ್ನು ಕೇಳಬೇಕಿತ್ತೇನೋ. ಬಂದ ಮೇಲೆ ಹೇಳಿದೆ. “ತೆಗೆದೀ?” ಎಂದರು. “ತೆಗದೀನ್ರಿ” ಎಂದೆ. ಮುಗಿಯಿತು.

ಈ ಸಲ ನಿಜವಾಗಿಯೂ ಬಗೆಹರಿದಿದೆ.

ಫೆಬ್ರುವರಿ 12, ಗುರುವಾರ

ಮಾವನವರು ಟ್ಯಾಬನ್ನು ಎಡಗೈಯಿಂದ ತಳ್ಳಿದರು. ಅದು ಮಂಚದಿಂದ ಕೆಳಗೆ ಬಿತ್ತು.

ತಪ್ಪು ಅವರದಲ್ಲ. “ಬಾ...” ಎಂದು ಬಾಳೆಹಣ್ಣಿಗೆ ಬಂದಿದ್ದರು. ನಾನು ಉಸಿರು ಕೂಡ ಬಿಡದೆ ಕಾಯುತ್ತಿದ್ದೆ. ತೆರೆ ನಿಂತಿತು, ಮತ್ತೆ ಚಲಿಸಿತು, ನನ್ನ ಹಳೆಯ ಮಾತೊಂದು ಮೂರು ಸಲ ಅಲ್ಲಿ ಕೇಳಿತು. ನನ್ನ ಬಾಯಿ ಮುಚ್ಚಿದ್ದರೂ ಅಲ್ಲಿ ನಾನು ಅವರ ಮಾತನ್ನು ಕತ್ತರಿಸುತ್ತಲೇ ಇದ್ದೆ. ನೆಲಕ್ಕೆ ಬಿದ್ದ ಟ್ಯಾಬಿನಿಂದ ಫ್ಯಾನು, ಗೋಡೆ, ಅತ್ತೆಯ ಕಾಲು ಕಾಣುತ್ತಿದ್ದವು.

“ಸಾಕಂತ ಕೈ ಮಾಡ್ಲಕತ್ತಾರವ್ವ. ಅವ್ರಿಗಿ ನೀ ಅಣಕಿಸಿದಂಗ ಆಗ್ಯಾದ” ಎಂದರು ಅತ್ತೆ.

ಅಣಕಿಸುವುದು. ನಾನು.

ಫೆಬ್ರುವರಿ 13, ಶುಕ್ರವಾರ

ಪಾಠವಿಲ್ಲ. ಭಾವ ಸಂಗಮನಾಥ ಅವರು ಫೋನ್ ಮಾಡಿದ್ದರು. ಚಿಕಲಠಾಣಾದಲ್ಲಿ ರಟ್ಟಿನ ಡಬ್ಬಿ ಮಾಡುವ ಸಣ್ಣ ಘಟಕ ಅವರದು. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

“ರೂಪಾ, ನೀ ಭಾಳ ಮಾಡ್ದಿ. ನಾವು ಯಾರೂ ಏನೂ ಅನ್ನಲ್ಲ. ಅಪ್ಪಗ ಈಗ ತ್ರಾಸ ಕೊಡಾದು ಬ್ಯಾಡ. ಬೇಕಾದ್ದು ಬೆರಳ ಮಾಡಿ ತೋರಸ್ತಾರ, ನಮಗ ತಿಳೀತದ. ಇಷ್ಟಕ್ಕ ಸಾಕು ಮಾಡಮು.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪ ಅಳುವುದನ್ನು ನೋಡಲಾಗದೆ ಹೇಳಿದ್ದು. ಆದರೆ ಬೆರಳು ಮಾಡಿ ತೋರಿಸಲು ಆಗದ್ದು ಎಷ್ಟೋ ಇರುತ್ತದೆ. ನಿನ್ನೆಯ ಸಾರು ಚೆನ್ನಾಗಿತ್ತು ಎನ್ನುವುದನ್ನು ಯಾವ ಬೆರಳಿನಿಂದ ತೋರಿಸುತ್ತಾರೆ?

“ಭಾವಾರ, ಒಂದ ವಾರ ಕೊಡ್ರಿ” ಎಂದೆ.

“ವಾರದಾಗ ಏನ್ ಆಗ್ತದ?”

“ಕಂಪ್ಯೂಟರ್ ಸರಿ ಆಗ್ತದ್ರಿ. ಅದು ಸರಿ ಆದ್ರ ಮಾವಾರದೂ ಮುಂದ ಹೋಗ್ತದ.”

ಅವರು ಆಯಿತು ಎಂದರು. ಇಷ್ಟು ಖಚಿತವಾಗಿ ಹೇಗೆ ಹೇಳಿದೆನೋ! ಹೇಳಿದ್ದಾಗಿದೆ, ಇನ್ನು ಮಾಡಬೇಕು.

ಮಧ್ಯಾಹ್ನವೆಲ್ಲ ಕಂಪ್ಯೂಟರಿನ ಮುಂದೆ ಕೂತೆ. ಕರೆಯ ಆ್ಯಪಿನಲ್ಲಿ ನನ್ನ ಹಿಂದಿನದನ್ನು ಮಸುಕು ಮಾಡುವ ಒಂದು ಗುಂಡಿ ಇದೆ. ಅಡುಗೆಮನೆಯ ಹಗ್ಗದ ಮೇಲೆ ಒಣಗುವ ಬಟ್ಟೆ ಕಾಣಬಾರದೆಂದು ಮೊದಲ ದಿನವೇ ಒತ್ತಿದ್ದೆ. ಅದಕ್ಕೂ ಪ್ರೊಸೆಸರು ದುಡಿಯಬೇಕಂತೆ. ಆರಿಸಿದೆ. ಬಟ್ಟೆ ಕಂಡರೆ ಕಾಣಲಿ, ಅದೂ ಒಂದು ಪದವೇ.

ಇನ್ನೊಂದು ವಿಚಿತ್ರ ಕಂಡಿತು. ಕೆಲಸದ ಪ್ರಮಾಣ ನೂರಕ್ಕೆ ನೂರು ಎಂದು ತೋರಿಸುವಾಗಲೇ ಅದರ ಪಕ್ಕದ ವೇಗದ ಅಂಕಿ ಇಳಿಯುತ್ತ ಹೋಗಿ ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ತಂಪಿನಲ್ಲಿ ಹೀಗಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟೆ, ಆಗತಾನೇ ಇಳಿಸಿದ ಹಂಚಿನ ಹಾಗಿತ್ತು. ಅಂದರೆ ಅದಕ್ಕೆ ಕೆಲಸ ಹೆಚ್ಚಾಗಿಲ್ಲ. ಸುಡುತ್ತಿದೆ. ಸುಟ್ಟುಹೋಗಬಾರದೆಂದು ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತಿದೆ, ಆ ನಿಧಾನದಲ್ಲಿ ಸಣ್ಣ ಕೆಲಸವೂ ಬೆಟ್ಟವಾಗುತ್ತಿದೆ. ನಾವು ಅದನ್ನು ಮೇಜಿನ ಗೂಡಿನೊಳಗೆ ತುರುಕಿ, ಬೆನ್ನನ್ನು ಗೋಡೆಗೆ ಒತ್ತಿ, ಮೇಲೆ ಒಂದು ಹೊದಿಕೆಯನ್ನೂ ಹಾಕಿದ್ದೇವೆ. ಹೊದಿಕೆ ನಾನೇ ಹೊಲಿದದ್ದು, ಅಂಚಿಗೆ ಲೇಸ್ ಇಟ್ಟು.

ಫೆಬ್ರುವರಿ 15, ಭಾನುವಾರ. ಶಿವರಾತ್ರಿ

ಉಪವಾಸದ ಹೊಟ್ಟೆಯಲ್ಲಿ ಜಗಳವಾಡಬಾರದು. ಆಡಿದೆವು.

ಪೆಟ್ಟಿಗೆ ಬಿಚ್ಚಬೇಕು ಎಂದೆ. ಇವರು ಸಾಬುದಾಣಿ ಖಿಚಡಿಯ ತಟ್ಟೆ ಕೆಳಗಿಟ್ಟರು.

“ಮುಟ್ಟಬ್ಯಾಡ. ಏನರೆ ಸುಟ್ಟೀತು. ಅಂಗಡಿಗಿ ಕೊಡಮು.”

“ಅಂಗಡ್ಯಾಗ ವಾರಗಟ್ಟಲೆ ಇಟ್ಕೋತಾರ. ನನಗ ಇರಾದೇ ಒಂದ್ ವಾರ.”

“ನಿನಗ್ಯಾಕ ಇಷ್ಟ ಹಟ ರೂಪಾ? ಅಪ್ಪನೇ ಬ್ಯಾಡಂದ್ರಲ್ಲ.”

“ಅವ್ರು ಬ್ಯಾಡಂದಿಲ್ಲ. ಅನ್ಲಕ್ಕ ಅವ್ರಿಗಿ ಬಾಯಿ ಎಲ್ಯದ?”

ಇವರು ಎದ್ದು ಬಾಲ್ಕನಿಗೆ ಹೋದರು. ಆಮೇಲೆ ಒಳಗೆ ಬಂದು ನನ್ನ ಮುಖ ನೋಡದೆ, “ನನಗ ನೋಡ್ಲಕ್ಕ ಆಗಲ್ಲ. ಅಂಗಡ್ಯಾಗ ಹತ್ತು ಮಂದಿಗಿ ಒಮ್ಮಿಗೇ ಉತ್ತರ ಕೊಡಾಂವ ನಮ್ಮಪ್ಪ” ಎಂದರು.

ಹಾಗಾದರೆ ನೀವು ನೋಡಬೇಡಿ, ನಾನು ನೋಡುತ್ತೇನೆ ಎಂದೆ. ಇಷ್ಟಲಿಂಗ ಪೂಜೆಗೆ ಇಬ್ಬರೂ ಒಟ್ಟಿಗೆ ಕೂತೆವು.

ಫೆಬ್ರುವರಿ 16, ಸೋಮವಾರ

ಬಿಚ್ಚಿದೆ.

ಇವರು ಮೊದಲ ಶಿಫ್ಟಿಗೆ ಹೋದ ಮೇಲೆ ತಂತಿಗಳನ್ನೆಲ್ಲ ಕಿತ್ತು, ಯಾವುದು ಎಲ್ಲಿಯದೆಂದು ಫೋಟೊ ತೆಗೆದು, ಪೆಟ್ಟಿಗೆಯನ್ನು ಬಾಲ್ಕನಿಗೆ ಒಯ್ದೆ. ಮೈಯಲ್ಲಿನ ವಿದ್ಯುತ್ತು ತಗಲದಿರಲು ಕಬ್ಬಿಣದ ಕಂಬಿಯನ್ನು ಮುಟ್ಟಿ ಮುಟ್ಟಿ ಕೆಲಸ ಮಾಡಬೇಕಂತೆ. ರುಚಿತಾ ವಿಜ್ಞಾನದ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಂದಳು. “ಮಮ್ಮಿ, ಪಪ್ಪಾ ಓರಡ್ತೀಲ್ ಹಾ!” ಎಂದು ಹೆದರಿಸಿದಳು. ಬೈದರೆ ಬೈಯಲಿ, ನೀನು ಟಾರ್ಚ್ ಹಿಡಿ ಎಂದೆ.

ಪಕ್ಕದ ತಗಡು ತೆಗೆದೆ. ಒಳಗೆ ಯಂತ್ರವೇ ಕಾಣುತ್ತಿರಲಿಲ್ಲ. ಬೂದು ಬಣ್ಣದ ಕಂಬಳಿಯೊಂದು ಕಂಡಿತು. ಫ್ಯಾನಿನ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಆಗಲೇ ಅತ್ತೆಯ ವೀಡಿಯೊ ಕರೆ ಬಂತು, ನನ್ನ ಫೋನಿಗೆ. “ರೂಪಾ, ಇವ್ರು ಮುಂಜಾನಿಂದ ಗ್ವಾಡಿ ಕಡಿ ಮುಖ ಮಾಡಿ ಕುಂತಾರ. ಚಹಾನೂ ಬ್ಯಾಡಂತ.”

“ಅತ್ತೀ, ಫೋನ್ ಅವ್ರ ಕಡಿ ತಿರುಗಸ್ರಿ.”

ಮಾವನವರ ಬೆನ್ನು ಕಂಡಿತು. ನಾನು ನನ್ನ ಫೋನನ್ನು ಪೆಟ್ಟಿಗೆಯ ಹೊಟ್ಟೆಗೆ ಹಿಡಿದೆ. “ಮಾವಾರ, ಸ್ವಲ್ಪ ಇಕಾಡಿ ನೋಡ್ರಿ. ದಿನಾ ನಿಮ್ ಮಾತಿಗಿ ಅಡ್ಡ ಬರ್ತಿತ್ತಲ್ರಿ, ಅದು ನಾ ಅಲ್ರಿ. ಇದು. ನಿಮ್ದು ಏನೂ ತಪ್ಪಿಲ್ಲ, ನೀವು ಬರಾಬರ ಹೇಳ್ಲಕತ್ತಿದ್ರಿ. ನನಗ ಮುಟ್ಟಲಿಲ್ಲ ಅಷ್ಟ.”

ಬೆನ್ನು ತಿರುಗಿತು. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಧೂಳನ್ನು ನೋಡಿದರು, ಫೋನ್ ತಿರುಗಿಸಿದ ಮೇಲೆ ನನ್ನನ್ನು. ನನ್ನ ಮೂಗು, ಹುಬ್ಬು ಎಲ್ಲ ಬೂದಿಯಾಗಿತ್ತು. ಅವರ ಬಾಯಿಯ ಎಡ ತುದಿ ಮೇಲೆ ಸರಿಯಿತು. ನಗು!

“ಧೂ...” ಎಂದರು.

ನಾನು ಕಾದೆ. ರುಚಿತಾ ಹೇಳಿಕೊಡಲು ಬಾಯಿ ತೆರೆದಳು, ಅವಳ ತೋಳು ಚಿವುಟಿದೆ. ಅತ್ತೆಯೂ ಅದು ಹೇಗೋ ಸುಮ್ಮನಿದ್ದರು. ಕೆಳಗೆ ರಸ್ತೆಯಲ್ಲಿ ದ್ರಾಕ್ಷಿ ಮಾರುವವನು ಕೂಗುತ್ತ ಬಂದ, ಹೋದ.

“ಧೂಳ.”

ಮತ್ತೆ ಎಡಗೈ ಎತ್ತಿ, ಅಂಗಡಿಯ ಆಳಿಗೆ ಮಾಡುವ ಹಾಗೆ ಬೆರಳು ಆಡಿಸಿ, “ಧೂಳ... ಝಾಡ್ಸು!” ಎಂದರು.

ಒಂದು ನಾಮಪದ, ಒಂದು ಕ್ರಿಯಾಪದ, ಯಾರೂ ಕೇಳದೆ ಬಂದದ್ದು, ಅದೂ ಅಪ್ಪಣೆ. ಕಲಬುರಗಿಯಲ್ಲಿದ್ದಾಗ ಇಂಥದ್ದು ಬಂದರೆ ವಿಭಾಗದ ನಾವು ನಾಲ್ವರೂ ಕ್ಯಾಂಟೀನಿಗೆ ಹೋಗಿ ಮಿರ್ಚಿ ಭಜಿ ತಿನ್ನುತ್ತಿದ್ದೆವು.

“ಹೂಂ ರಿ ಮಾವಾರ, ಝಾಡಸ್ತೀನಿ” ಎಂದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಅಳಲು ಪುರಸತ್ತಿರಲಿಲ್ಲ. ಬ್ರಷ್ಷು ಹಿಡಿದು ಸಂಜೆಯ ತನಕ ಝಾಡಿಸಿದೆ.

ಫೆಬ್ರುವರಿ 17, ಮಂಗಳವಾರ

ಧೂಳು ಹೋದರೂ ಪೂರ್ತಿ ತಂಪಾಗಲಿಲ್ಲ. ಪ್ರೊಸೆಸರಿನ ಮೇಲೆ ಒಂದು ಲೋಹದ ಗಟ್ಟಿ ಇದೆ, ಬಿಸಿಯನ್ನು ಹೀರಿಕೊಳ್ಳಲು. ಎರಡರ ನಡುವೆ ಒಂದು ಲೇಪ ಇರುತ್ತದೆ. ಅದು ಒಣಗಿದರೆ ಬಿಸಿ ದಾಟುವುದಿಲ್ಲ. ಎಂ.ಜಿ. ರೋಡಿಗೆ ಹೋಗಿ ಲೇಪದ ಟ್ಯೂಬು ತಂದೆ. ಅಂಗಡಿಯವನು “ಕೋಣ್ ಲಾವಣಾರ್?” ಎಂದು ಕೇಳಿದ. “ಮೀಚ್” ಎಂದೆ. ಹಚ್ಚುವವಳು ನಾನೇ.

ಗಟ್ಟಿಯನ್ನು ಎತ್ತಿದರೆ ಹಳೆಯ ಲೇಪ ಒಣ ವಿಭೂತಿಯ ಹಾಗೆ ಉದುರಿತು. ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ಇಟ್ಟೆ. ಇವರು ಬಂದದ್ದು ಆಗಲೇ. ಬಾಗಿಲಲ್ಲಿ ನಿಂತು ಹಾಲಿನ ತುಂಬ ಹರಡಿದ್ದನ್ನು ನೋಡಿದರು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ.

“ಇದು ಚಾಲೂ ಆಗ್ಲಿಲ್ಲಂದ್ರ?”

“ಆಗ್ತದ್ರಿ.”

ಬೂಟು ಬಿಚ್ಚಿ, ಕೈ ತೊಳೆದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. “ಸ್ಕ್ರೂ ಒಂದ ಕಡಿ ಪೂರಾ ಬಿಗೀಬ್ಯಾಡ. ಎದುರಾಬದುರು ಸ್ವಲ್ಪ ಸ್ವಲ್ಪ ಬಿಗಿ, ಒತ್ತು ಸಮ ಬೀಳ್ತದ” ಎಂದು ಗಟ್ಟಿಯನ್ನು ಹಿಡಿದುಕೊಂಡರು. ಬಿಗಿದೆ. ತಂತಿಗಳನ್ನು ಫೋಟೊ ನೋಡಿ ಹಾಕಿದೆ. ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ತೆರೆ ಕಪ್ಪಗೇ ಉಳಿಯಿತು.

ಫೆಬ್ರುವರಿ 18, ಬುಧವಾರ

ನಿನ್ನೆ ಇವರು ಸ್ಕ್ರೂಡ್ರೈವರ್ ಎತ್ತಿಟ್ಟು ಹೋಗಿ ಮಲಗಿದರು, ಬೈದಿದ್ದರೇ ಚೆನ್ನಾಗಿತ್ತು. ರುಚಿತಾ ಕೂಡ ನನ್ನ ಕಣ್ಣು ತಪ್ಪಿಸಿ ಊಟ ಮಾಡಿದಳು. ಭಾವನಿಗೆ ವಾರ ಎಂದಿದ್ದೆ.

ಬೆಳಿಗ್ಗೆ ಸ್ನಾನ ಮುಗಿಸಿ ಮತ್ತೆ ಬಿಚ್ಚಿದೆ. ಹೆದರಿದ ಕೈ ಕೆಲಸಕ್ಕೆ ಬರುವುದಿಲ್ಲ, ಆದ್ದರಿಂದ ಹೆದರಲಿಲ್ಲ. ನಿನ್ನೆ ನನ್ನ ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಒಂದೊಂದಾಗಿ ನೋಡುತ್ತ ಬಂದೆ. ಮೆಮೊರಿಯ ಹಸಿರು ಪಟ್ಟಿ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಒತ್ತಿದೆ. ಟಕ್ ಎಂದಿತು.

ತೆರೆ ಬೆಳಗಿತು.

ಹನ್ನೊಂದಕ್ಕೆ ಕರೆ. ಪೆಟ್ಟಿಗೆ ಈಗ ಗೂಡಿನ ಹೊರಗೆ, ಸ್ಟೂಲಿನ ಮೇಲೆ, ಬತ್ತಲೆ. ಲೇಸಿನ ಹೊದಿಕೆಯನ್ನು ಮಡಿಚಿ ಕಪಾಟಿಗೆ ಹಾಕಿದ್ದೇನೆ. ಪ್ರೊಸೆಸರು ಪಾಠದುದ್ದಕ್ಕೂ ನೂರಕ್ಕೆ ಮೂವತ್ತು, ನಲವತ್ತರಲ್ಲೇ ಓಡಾಡಿಕೊಂಡಿತ್ತು. ಫ್ಯಾನು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಲೋಟದ ಚಿತ್ರ ಹಾಕಿದೆ, ಕಾದೆ. “ನೀ... ನೀರು” ಎಂದರು. ಬಾಳೆಹಣ್ಣಿಗೆ “ಪೇರು” ಎಂದರು, ಅಂದರೆ ಸೀಬೆಹಣ್ಣು. ಇರಲಿ, ಹಣ್ಣಿನ ಮನೆಗೆ ಬಂದಾಯಿತು, ಕೋಣೆ ಮಾತ್ರ ಬೇರೆ. ನಡುವೆ ನನ್ನ ಹೆಗಲಿನ ಹಿಂದೆ ನೋಡಿ ಏನೋ ತಡಕಾಡಿದರು. “ಅಂ... ಅಂಗಿ!” ಹಗ್ಗದ ಮೇಲೆ ಇವರ ಅಂಗಿ ಒಣಗುತ್ತಿತ್ತು.

ಭಾವನಿಗೆ ಫೋನ್ ಮಾಡಲು ಹೋದೆ, ಅತ್ತೆ ಆಗಲೇ ಮಾಡಿದ್ದರು.

ಫೆಬ್ರುವರಿ 27, ಶುಕ್ರವಾರ

ಪರೀಕ್ಷೆ ನಡೆಯುತ್ತಿದೆ. ರುಚಿತಾಳ ಡಬ್ಬಿ, ಮಾವನವರ ಪಾಠ, ಬರೆಯಲು ಹೊತ್ತಿಲ್ಲ. ಪದಗಳು ಬರುತ್ತಿವೆ. ಮೂರು ಪದ ಜೋಡಿಸುವ ಪಾಠವನ್ನು ಹೊಸದಾಗಿ ತಯಾರಿಸಿದೆ, ಚಿತ್ರಗಳೆಲ್ಲ ಬಟ್ಟೆ ಅಂಗಡಿಯವು. ಇವರು ಎರಡನೇ ಶಿಫ್ಟು, ಬೆಳಿಗ್ಗೆ ಮನೆಯಲ್ಲಿದ್ದರು. ಪಾಠದ ಹೊತ್ತಿಗೆ ಕುರ್ಚಿ ಎಳೆದು ತೆರೆಗೆ ಕಾಣದ ಹಾಗೆ ಕೂತರು. ಮಾವನವರು “ಲುಂಗಿ... ಎರಡು... ಕೊಡು” ಎಂದಾಗ ತಡೆಯಲಾರದೆ ಮುಂದೆ ಬಾಗಿ, “ಎಷ್ಟಕ್ಕ ಕೊಡ್ಲಿ ಅಪ್ಪಾ?” ಎಂದರು. ಅಪ್ಪ ಮಗ ಚೌಕಾಶಿಗೆ ಇಳಿದರು. ನಾನು ಎದ್ದು ಅನ್ನಕ್ಕಿಟ್ಟೆ.

ಮಾರ್ಚ್ 19, ಗುರುವಾರ. ಯುಗಾದಿ. ಸಂಭಾಜಿನಗರ

ಪರೀಕ್ಷೆ ಮುಗಿಸಿ ಮೂವರೂ ನಿನ್ನೆ ಬಸ್ಸಿನಲ್ಲಿ ಬಂದೆವು. ಬೀದಿಯ ತುಂಬ ಮರಾಠಿ ಮನೆಗಳವರು ಕೋಲಿಗೆ ಸೀರೆ, ತಂಬಿಗೆ ಕಟ್ಟಿ ಗುಡಿ ಏರಿಸಿದ್ದಾರೆ. ಮಾವನವರು ಬಾಗಿಲ ತನಕ ನಡೆದು ಬಂದಿದ್ದರು, ಕೋಲು ಹಿಡಿದು. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಅತ್ತೆಗೆ “ಬೆಲ್ಲ ಕಮ್ಮಿ” ಎಂದರು. ಅತ್ತೆ, “ಮಾತ ಬರೋಕಿಂತ ಮೊದ್ಲ ಚಲೋ ಇದ್ರಿ” ಎಂದು ರೇಗಿ, ಇನ್ನೊಂದು ಚಮಚ ಬೆಲ್ಲ ಹಾಕಿದರು.

ಮಧ್ಯಾಹ್ನ ಮಾವನವರನ್ನು ನೋಡಲು ವೈಜಾಪುರದಿಂದ ಸದಾನಂದ ಎಂಬವರು ಬಂದಿದ್ದರು. ಮೂಲ ಆಳಂದದವರು, ಈರುಳ್ಳಿ ವ್ಯಾಪಾರ. ಅವರ ತಾಯಿ ಮಲಕವ್ವನಿಗೂ ಲಕ್ವಾ ಆಗಿ ಮಾತಿಲ್ಲವಂತೆ. ಅವರಿಗೆ ಕನ್ನಡ ಬಿಟ್ಟು ಬೇರೇನೂ ಬರದು. ಅದನ್ನು ಹೇಳುತ್ತ ಗಂಡಸು ಕಣ್ಣು ತುಂಬಿಕೊಂಡರು. ನಾನು ಚಹಾದ ಕಪ್ಪು ತೆಗೆಯಲು ಹೋಗಿದ್ದೆ. ಮಾವನವರು ಕೋಲೆತ್ತಿ ನನ್ನನ್ನು ತಡೆದರು.

“ನಮ್ಮ... ರೂಪಾ,” ಎಂದರು. ಸದಾನಂದ ಏನೋ ಹೇಳಹೊರಟರು. ಮಾವನವರು ಕೈ ತೋರಿಸಿ ಸುಮ್ಮನಿರಿಸಿದರು. ಮಾತು ಹುಡುಕಿದರು. ಭಾವ ಬಾಗಿಲಲ್ಲಿ ನಿಂತಿದ್ದರು, ಇವರು ಸೋಫಾದ ತುದಿಯಲ್ಲಿ. ಯಾರೂ ಹೇಳಿಕೊಡಲಿಲ್ಲ. “ಡಾಕ್ಟರ್... ಅಲ್ಲ. ಮಾತು... ತರ್ತಾಳ. ನನಗ... ತಂದಾಳ.”

ನಾನು ಕಪ್ಪುಗಳನ್ನು ಒಳಗಿಟ್ಟು ಬಂದು ಸದಾನಂದರ ಎದುರು ಕುರ್ಚಿಯಲ್ಲಿ ಕೂತೆ. ತಾಯಿಗೆ ಹೇಳಿದ್ದು ತಿಳಿಯುತ್ತದೆಯೇ, ನುಂಗುವಾಗ ಕೆಮ್ಮು ಬರುತ್ತದೆಯೇ, ಹಾಡು ಗುನುಗುತ್ತಾರೆಯೇ ಎಂದೆಲ್ಲ ಕೇಳಿಕೊಂಡೆ. ಆಸ್ಪತ್ರೆಯ ಕಾಗದಗಳನ್ನು ಕಳಿಸಲು ಹೇಳಿದೆ. “ನನ್ನ ಥೆರಪಿಸ್ಟ್ ನೋಂದಣಿ ಹೊಸದಾಗಿ ಮಾಡಿಸ್ಬೇಕ್ರಿ, ಅದು ಆದಕೂಡ್ಲೇ ಶುರು ಮಾಡಮು” ಎಂದೆ. ಆ ಅರ್ಜಿಯನ್ನು ಊರಿಗೆ ಹೋದ ಕೂಡಲೇ ಹಾಕಬೇಕು.

ಏಪ್ರಿಲ್ 27, ಸೋಮವಾರ. ನಾಶಿಕ್

ನೋಂದಣಿ ಬಂತು. ಇವತ್ತು ಮಲಕವ್ವನ ಮೊದಲ ಪಾಠ. ಮಾವನವರ ಪಾಠ ಈಗ ವಾರಕ್ಕೆರಡೇ ದಿನ, ಅದೂ ಅವರು ಬೇಗ ಮುಗಿಸು ಎನ್ನುತ್ತಾರೆ, ಅವರಿಗೆ ಭಾವನ ಘಟಕಕ್ಕೆ ಹೋಗಿ ಕೂರಬೇಕು.

ಬಿಸಿಲು ಏರಿದೆ. ಕಂಪ್ಯೂಟರಿಗೆ ಟೇಬಲ್ ಫ್ಯಾನಿನ ಗಾಳಿ ತಾಗುವ ಹಾಗೆ ಹಾಲಿನ ಮೇಜನ್ನು ತಿರುಗಿಸಿದ್ದೇನೆ. ಟಿವಿಯನ್ನು ಒಳಗಿನ ಕೋಣೆಗೆ ಹಾಕಬೇಕಾಯಿತು.

ಮಲಕವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಕೂತಿದ್ದರು. ಚಿತ್ರಗಳನ್ನು ಬದಿಗಿಟ್ಟೆ. ಆಳಂದದ ಕಡೆ ಜೋಳದ ರೊಟ್ಟಿ ಹೇಗೆ ಬಡಿಯುತ್ತೀರಿ ಎಂದು ಕೇಳಿ, ನಾನೇ ತಪ್ಪು ತಪ್ಪಾಗಿ ಕೈಯಲ್ಲಿ ಮಾಡಿ ತೋರಿಸಿದೆ. ಸೆರಗು ಸ್ವಲ್ಪ ಕೆಳಗಿಳಿಯಿತು.

ಅಷ್ಟರಲ್ಲಿ ಇವರು ಒಳಗಿನಿಂದ ಬಂದು ಮೆಲ್ಲನೆ, “ರೂಪಾ, ಪಿ.ಎಫ್. ಕೆಲ್ಸ ಒಂದದ. ಕಂಪ್ಯೂಟರ್ ಯಾವಾಗ ಸಿಗ್ತದ?” ಎಂದು ಕೇಳಿದರು. ತೆರೆಯಿಂದ ಕಣ್ಣು ತೆಗೆಯದೆ, “ಒಂದು ಗಂಟಿ ಮ್ಯಾಲ ಮಾಡ್ಕೋರಿ” ಎಂದೆ. ರುಚಿತಾ ಕಿಸಕ್ಕನೆ ನಕ್ಕಳು. ಅದರಲ್ಲಿ ನಗುವಂಥದ್ದೇನಿತ್ತೋ! ಕೇಳುತ್ತಿದ್ದೆ, ಆದರೆ ಮಲಕವ್ವನ ತುಟಿ ಅಲುಗಿತ್ತು. ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿದೆ, ಕಾದೆ.